ಹೂ ಜಾಸ್ತಿ ಬಿಟ್ಟ 17ನೇ ಮರ: ಒಂದು ಬೀದಿಯ ಆರು ವರ್ಷದ ಅಳತೆ

ಸಾಲಿನ 17ನೇ ಜಕರಂಡಾ ಮರ ಆ ಸಲ ಬಿಟ್ಟ ಹೂವನ್ನು ಬೀದಿಯ ಜನ ಇವತ್ತಿಗೂ ನೆನೆಯುತ್ತಾರೆ. ಕೊಂಬೆಗಳಲ್ಲಿ ಒಂದು ಎಲೆಯೂ ಇರಲಿಲ್ಲ. ತುದಿಯಿಂದ ಬುಡದವರೆಗೆ ಬರೀ ನೇರಳೆ. ದಾರಿಯಲ್ಲಿ ಹೋಗುವವರು ನಿಂತು ಫೋಟೋ ತೆಗೆಯುತ್ತಿದ್ದರು. ನಾನೂ ತೆಗೆದೆ.

ಆ ಹೊತ್ತಿಗೆ ನನ್ನ ನೋಟ್‌ಬುಕ್ಕಿನಲ್ಲಿ ಅದೇ ಮರದ ಎದುರು ಒಂದು ಅಂಕಿ ಬಿದ್ದಿತ್ತು: 0.4 ಸೆಂ.ಮೀ. ಒಂದಿಡೀ ವರ್ಷದಲ್ಲಿ ಅದರ ಕಾಂಡದ ಸುತ್ತಳತೆ ಹೆಚ್ಚಿದ್ದು ಅಷ್ಟೇ. ಅದೇ ಸಾಲಿನ ಬೇರೆ ಮರಗಳು 3 ಸೆಂ.ಮೀ. ಹತ್ತಿರ ಬೆಳೆದಿದ್ದವು. ಎದುರು ಮನೆಯ ಅಜ್ಜಿಗೆ ಇದನ್ನು ಹೇಳಿದೆ. "ಇಷ್ಟು ಹೂ ಬಿಟ್ಟಿರೋ ಮರಕ್ಕೆ ಕಾಯಿಲೆ ಅಂತೀಯಲ್ಲಪ್ಪ" ಅಂದರು. ಅವರ ಮಾತು ತಪ್ಪು ಅನ್ನಲು ನನಗೂ ಧೈರ್ಯ ಬರಲಿಲ್ಲ. ಕಣ್ಣಿಗೆ ಕಾಣುವುದೇ ಬೇರೆ, ಟೇಪು ಹೇಳುವುದೇ ಬೇರೆ.

ಆ ಎರಡರ ನಡುವೆ ಏನಿತ್ತು ಎಂಬುದೇ ಈ ಬರಹ. ಬೀದಿ ಬದಿಯ ಅಂದದ ಮರಗಳನ್ನು ವರ್ಷ ವರ್ಷ ಅಳೆಯುವವರಿಗೆ, ಅಳೆಯಬೇಕು ಅಂದುಕೊಂಡಿರುವವರಿಗೆ ಉಪಯೋಗಕ್ಕೆ ಬರಲಿ ಎಂದು, ನಾವು ಮಾಡಿದ ತಪ್ಪನ್ನೂ ಸೇರಿಸಿ ಬರೆದಿದ್ದೇನೆ.

ಬೀದಿ ಮತ್ತು ಮರಗಳು

ಅದು ವಾಸದ ಮನೆಗಳಿರುವ ಬೀದಿ. ಒಂದೇ ಬದಿಯಲ್ಲಿ, 8 ಮೀಟರಿಗೊಂದರಂತೆ 26 ಜಕರಂಡಾ ಮರಗಳು. ಎಲ್ಲವನ್ನೂ ಒಂದೇ ಸಲ ನೆಟ್ಟಿದ್ದರು. ನಾವು ಅಳೆಯಲು ಶುರು ಮಾಡಿದಾಗ ಅವಕ್ಕೆ 12 ವರ್ಷ.

ಇದು ನಮಗೆ ತಾನಾಗಿ ಸಿಕ್ಕ ಅನುಕೂಲ. ಒಂದೇ ಜಾತಿ, ಒಂದೇ ವಯಸ್ಸು, ಒಂದೇ ಬಿಸಿಲು, ಒಂದೇ ಮಳೆ. ಹಾಗಿದ್ದೂ ಒಂದು ಮರ ಇನ್ನೊಂದಕ್ಕಿಂತ ಹಿಂದೆ ಬಿತ್ತು ಅಂದರೆ ಕಾರಣ ಆ ಮರದಲ್ಲೋ ಅದರ ಕಾಲಬುಡದ ನೆಲದಲ್ಲೋ ಇರಬೇಕು. ಹತ್ತು ಜಾತಿಯ ಮರಗಳು ಬೆರೆತಿದ್ದ ಬೀದಿಯಾಗಿದ್ದರೆ ಇಷ್ಟು ಬೇಗ ಕಣ್ಣಿಗೆ ಬೀಳುತ್ತಿರಲಿಲ್ಲ.

ಜಕರಂಡಾದ ಸ್ವಭಾವವನ್ನೂ ಸ್ವಲ್ಪ ತಿಳಿದಿರಬೇಕು. ಅದರ ತವರು ದಕ್ಷಿಣ ಅಮೆರಿಕದ ಬೊಲಿವಿಯಾ ಮತ್ತು ಅರ್ಜೆಂಟಿನಾ. ಬೆಚ್ಚಗಿನ ಊರುಗಳ ಬೀದಿಗಳಲ್ಲೆಲ್ಲ ಈಗ ಅದು ಮಾಮೂಲು, ಆದರೆ ತವರಿನ ಕಾಡಿನಲ್ಲಿ ಅಪಾಯದಲ್ಲಿದೆ. ಎಲೆ ಉದುರಿಸಿ, ಬರಿಗೊಂಬೆಯಲ್ಲಿ ಹೂ ಬಿಟ್ಟು, ಆಮೇಲೆ ಚಿಗುರುತ್ತದೆ. ಬುಡದಲ್ಲಿ ನೀರು ನಿಂತರೆ ತಡೆಯದು. ಸುಣ್ಣದ ಅಂಶ ಜಾಸ್ತಿ ಇರುವ ಮಣ್ಣಿನಲ್ಲಿ ಎಲೆ ಹಳದಿ ತಿರುಗುತ್ತದೆ. ಈ ಕೊನೆಯ ಎರಡು ಮಾತು ನನಗೆ ಮೊದಲೇ ಗೊತ್ತಿದ್ದವು. ಬೇಕಾದ ಹೊತ್ತಿಗೆ ನೆನಪಾಗಲಿಲ್ಲ.

ಮೊದಲ ಅಳತೆ

ಮೊದಲು ಮರಗಳಿಗೆ ನಂಬರ್ ಕೊಟ್ಟೆವು. ಮೊಳೆ ಹೊಡೆದು ತಗಡು ಹಾಕಲಿಲ್ಲ. ಬೀದಿಯ ತುದಿಯಲ್ಲಿ ಒಂದು ಕಲ್ಲಿನ ಮೋರಿ ಇದೆ. ಅಲ್ಲಿಂದ ಪ್ರತಿ ಮರಕ್ಕೆ ಎಷ್ಟು ಮೀಟರ್ ಎಂದು ಅಳೆದು ಬರೆದುಕೊಂಡೆವು. ತಗಡು ಕಳೆದುಹೋಗುತ್ತದೆ, ಮನೆಗಳ ಬಣ್ಣ ಗೇಟು ಬದಲಾಗುತ್ತವೆ. ಮೋರಿಯಿಂದ 128 ಮೀಟರ್ ದೂರದ ಮರ ಯಾವತ್ತೂ 17ನೇ ಮರವೇ.

ಸುತ್ತಳತೆ ತೆಗೆಯುವುದು ನೆಲದಿಂದ 1.3 ಮೀಟರ್ ಎತ್ತರದಲ್ಲಿ. ಕೆಲವು ದೇಶಗಳಲ್ಲಿ 1.37 ಮೀಟರ್ ಎತ್ತರ ಇಟ್ಟುಕೊಳ್ಳುತ್ತಾರೆ. ಯಾವುದನ್ನು ಹಿಡಿದರೂ ಸರಿ, ಪ್ರತಿ ವರ್ಷ ಅದೇ ಇರಬೇಕು. ನೆಲ ಇಳಿಜಾರಾಗಿದ್ದರೆ ಎತ್ತರದ ಕಡೆಯಿಂದ ಅಳೆಯಬೇಕು. ಸರಿಯಾಗಿ ಆ ಜಾಗದಲ್ಲೇ ಗಂಟೋ ಕೊಂಬೆಯ ಉಬ್ಬೋ ಇದ್ದರೆ ಅದರ ಕೆಳಗೆ ಅಳೆದು, ಎಷ್ಟು ಎತ್ತರದಲ್ಲಿ ಅಳೆದೆವು ಎಂದು ಬರೆದಿಡಬೇಕು. ನಾವು ಪ್ರತಿ ಮರದ ತೊಗಟೆಯ ಮೇಲೆ, ಅಳೆದ ಜಾಗದಲ್ಲಿ, ಬೆರಳ ತುದಿಯಷ್ಟು ಬಣ್ಣದ ಚುಕ್ಕೆ ಇಟ್ಟೆವು. ಮುಂದಿನ ವರ್ಷ ಬೇರೆಯವರು ಬಂದರೂ ಟೇಪು ಅದೇ ಚುಕ್ಕೆಯ ಮೇಲೆ ಹಾಯಬೇಕು. ಸುತ್ತಳತೆಯನ್ನು 3.14ರಿಂದ ಭಾಗಿಸಿದರೆ ವ್ಯಾಸ ಸಿಗುತ್ತದೆ. ನಾವು ಭಾಗಿಸಲಿಲ್ಲ. ಅಳೆದದ್ದನ್ನೇ ಬರೆದಿಟ್ಟರೆ ತಪ್ಪು ಹುಡುಕುವುದು ಸುಲಭ.

ಅಳೆಯುವ ಹೊತ್ತೂ ಮುಖ್ಯ. ಹಗಲಲ್ಲಿ ಎಲೆಗಳು ನೀರು ಎಳೆದಾಗ ಕಾಂಡ ಚೂರು ಕುಗ್ಗುತ್ತದೆ, ರಾತ್ರಿ ಮತ್ತೆ ಹಿಗ್ಗುತ್ತದೆ. ಮಳೆ ಬಂದರೆ ತೊಗಟೆ ನೆನೆದು ಉಬ್ಬುತ್ತದೆ. ಹಾಗಾಗಿ ಎಲೆ ಉದುರಿ ಹೂ ಬರುವ ಮುಂಚಿನ ದಿನಗಳಲ್ಲಿ, ಒಣಗಿದ ಬೆಳಗಿನಲ್ಲಿ ಅಳೆದೆವು.

ಇನ್ನೊಂದು ಕೆಲಸ ಮಾಡಿದೆವು. ಇದನ್ನು ಯಾರೂ ಬಿಡಬಾರದು ಅಂತ ನನ್ನ ಆಸೆ. ಹತ್ತು ಮರಗಳನ್ನು ಇಬ್ಬರು, ಒಬ್ಬರ ಅಂಕಿ ಇನ್ನೊಬ್ಬರಿಗೆ ಗೊತ್ತಿಲ್ಲದ ಹಾಗೆ, ಒಂದೇ ದಿನ ಅಳೆದೆವು. ಇಬ್ಬರ ಅಳತೆಯ ನಡುವೆ ಬಂದ ದೊಡ್ಡ ವ್ಯತ್ಯಾಸ 4 ಮಿ.ಮೀ. ಅಂದರೆ ನಮ್ಮ ಕೈಯ ತಪ್ಪು ಅಷ್ಟು. ಅದಕ್ಕಿಂತ ಕಡಿಮೆ ಹೆಚ್ಚಳ ಬಂದರೆ ಅದನ್ನು ಬೆಳವಣಿಗೆ ಎನ್ನುವ ಹಾಗಿಲ್ಲ. 17ನೇ ಮರದ 0.4 ಸೆಂ.ಮೀ. ನನ್ನನ್ನು ಅಷ್ಟು ಕಾಡಿದ್ದು ಇದೇ ಕಾರಣಕ್ಕೆ.

ಎತ್ತರವನ್ನು ಪ್ರತಿ ವರ್ಷ ಅಳೆಯಲಿಲ್ಲ. ಕೋನ ಅಳೆಯುವ ಸಾಧನದಲ್ಲಿ ಅರ್ಧ ಮೀಟರ್ ಹಿಂದೆ ಮುಂದೆ ಆಗುವುದು ಮಾಮೂಲು. ಮೂರು ವರ್ಷಕ್ಕೊಮ್ಮೆ ಸಾಕು.

ಆರೋಗ್ಯ ನೋಡಲು ಎರಡನೇ ಭೇಟಿ, ಎಲೆ ತುಂಬಿದ ಕಾಲದಲ್ಲಿ. ಇಬ್ಬರು ಎರಡು ಕಡೆ ನಿಂತು, ಮರದ ಎಲೆ-ಕೊಂಬೆಗಳ ಹರವಿನೊಳಗಿಂದ ಆಕಾಶ ಎಷ್ಟು ಕಾಣುತ್ತದೆ ಎಂದು ಹತ್ತರ ಲೆಕ್ಕದಲ್ಲಿ ಬರೆಯುತ್ತಿದ್ದೆವು. ಆಮೇಲೆ ಹೋಲಿಸಿ ನೋಡುತ್ತಿದ್ದೆವು. ಎಷ್ಟು ರೆಂಬೆಗಳ ತುದಿ ಒಣಗಿದೆ, ಎಲೆ ಎಷ್ಟು ದೊಡ್ಡದು, ಯಾವ ಬಣ್ಣ, ಅಂಚು ಸುಟ್ಟಿದೆಯಾ, ಬುಡದಲ್ಲಿ ಗಾಯ, ತಂತಿ, ಅಣಬೆ ಇದೆಯಾ, ಇಷ್ಟೂ ನೋಡಬೇಕು. ಫೋಟೋ ತೆಗೆಯಲು ಎದುರಿನ ಫುಟ್‌ಪಾತಿನ ಅಂಚಿನಲ್ಲಿ ಬಣ್ಣದಿಂದ ಗುರುತು ಹಾಕಿದೆವು. ಪ್ರತಿ ವರ್ಷ ಅದೇ ಗುರುತಿನ ಮೇಲೆ ನಿಂತು, ಜೂಮ್ ಮಾಡದೆ ತೆಗೆಯುವುದು.

'ಚೆನ್ನಾಗಿದೆ' ಎಂಬ ಪದವನ್ನು ನಮೂನೆಯಿಂದ ತೆಗೆದುಹಾಕಿದ್ದು ಎರಡನೇ ವರ್ಷ. ಮೊದಲ ವರ್ಷ ಅದು ಇತ್ತು. ಆಗ 26 ಮರಗಳ ಎದುರೂ 'ಚೆನ್ನಾಗಿದೆ' ಎಂದೇ ಬರೆದಿದ್ದೆವು.

ಒಂಬತ್ತು ಮರಗಳು

ಮೊದಲ ಅಳತೆಯಲ್ಲಿ ಮರಗಳ ಸುತ್ತಳತೆ 58ರಿಂದ 79 ಸೆಂ.ಮೀ. ಒಳಗಿತ್ತು. ಅದನ್ನಷ್ಟೇ ನೋಡಿದರೆ ಏನೂ ಗೊತ್ತಾಗುವ ಹಾಗಿರಲಿಲ್ಲ. ಒಂದು ವರ್ಷ ಕಳೆದು ಎರಡನೇ ಅಂಕಿ ಬಂದಾಗ ಸಾಲು ಎರಡಾಗಿ ಒಡೆದು ನಿಂತಿತು. 14ರಿಂದ 22ರವರೆಗಿನ ಒಂಬತ್ತು ಮರಗಳು ಒಂದು ಕಡೆ, ಉಳಿದ ಹದಿನೇಳು ಇನ್ನೊಂದು ಕಡೆ.

ಆರು ವರ್ಷದ ಲೆಕ್ಕವನ್ನು ಇಲ್ಲೇ ಕೊಡುತ್ತೇನೆ. ಪ್ರತಿ ಗುಂಪಿನ ಮರಗಳನ್ನು ಬೆಳವಣಿಗೆಯ ಪ್ರಕಾರ ಸಾಲಾಗಿ ಜೋಡಿಸಿದರೆ ನಡುವೆ ಬರುವ ಮರದ ಅಂಕಿ ಇದು, ಸೆಂ.ಮೀ.ನಲ್ಲಿ.

| ವರ್ಷ | ಉಳಿದ 17 ಮರಗಳು | 14–22ರ ಮರಗಳು |
|---|---|---|
| 1 | 3.1 | 1.1 |
| 2 | 2.9 | 0.8 |
| 3 (ನೀರು ಹಾಕಿದ ವರ್ಷ) | 3.0 | 0.5 |
| 4 (ಬುಡ ಬಿಡಿಸಿದ ವರ್ಷ) | 2.8 | 0.6 |
| 5 | 3.2 | 1.4 |
| 6 | 3.0 | 1.9 |

ಸರಾಸರಿಯ ಬದಲು ನಡುವಿನ ಅಂಕಿ ಹಿಡಿದಿದ್ದೇಕೆ ಅಂದರೆ, ಒಂಬತ್ತೇ ಮರಗಳ ಗುಂಪಿನಲ್ಲಿ ಒಂದು ಅಳತೆ ತಪ್ಪಿದರೂ ಸರಾಸರಿ ಎಳೆದಾಡುತ್ತದೆ. ಇನ್ನೊಂದು ಮಾತು. ಮರ ದಪ್ಪವಾದಷ್ಟೂ ಅಷ್ಟೇ ಮರ ಕಟ್ಟಲು ಸುತ್ತಳತೆ ಕಡಿಮೆ ಹೆಚ್ಚಿದರೆ ಸಾಕು. ಹಾಗಾಗಿ ಎಳೆ ಮರವನ್ನೂ ಮುದಿ ಮರವನ್ನೂ ಹೀಗೆ ಪಕ್ಕಪಕ್ಕ ಇಟ್ಟು ನೋಡಬಾರದು. ನಮ್ಮವು ಒಂದೇ ವಯಸ್ಸಿನವು, ಅದಕ್ಕೇ ನೋಡಬಹುದು.

ಮೊದಲ ಎರಡು ವರ್ಷ ಆ ಒಂಬತ್ತು ಮರಗಳ ಎಲೆ-ಕೊಂಬೆಗಳ ಹರವಿನಲ್ಲಿ ಏನೂ ಕಾಣಲಿಲ್ಲ. ಇಬ್ಬರ ಅಂಕಿಯಲ್ಲೂ ಅವು ಬೇರೆ ಮರಗಳ ಹಾಗೇ ಇದ್ದವು. ಎಲೆಗಳು ಚೂರು ಸಣ್ಣ ಅನ್ನಿಸಿದ್ದು ಎರಡನೇ ವರ್ಷ. ಹೂವಂತೂ ಜಾಸ್ತಿಯೇ. ಸಂಕಟಕ್ಕೆ ಸಿಕ್ಕ ಮರ ಕೆಲವೊಮ್ಮೆ ಹಾಗೆ ಮಾಡುತ್ತದೆ. ಕಾಂಡ ದಪ್ಪ ಮಾಡುವುದನ್ನು ಬಿಟ್ಟು, ಕೂಡಿಟ್ಟದ್ದನ್ನು ಹೂವಿಗೂ ಬೀಜಕ್ಕೂ ಸುರಿಯುತ್ತದೆ. ಮರಕ್ಕೆ ಆಹಾರ ಕಡಿಮೆಯಾದಾಗ ಎಲೆಗೂ ಹೊಸ ಬೇರಿಗೂ ಮೊದಲು ಹೋಗುತ್ತದೆ, ಕಾಂಡದ ಪಾಲು ಬೇಗ ಕಡಿತವಾಗುತ್ತದೆ. ಎಲೆಗಿಂತ ಮುಂಚೆಯೇ ಟೇಪು ಹೇಳಿದ್ದು ಅದನ್ನೇ.

ಬೀದಿ ಮರಗಳ ಆರೋಗ್ಯ ಎಂದರೆ ಎಷ್ಟು ಬದುಕಿವೆ, ಎಷ್ಟು ಸತ್ತಿವೆ ಎಂದು ಎಣಿಸುವುದೇ ಹೆಚ್ಚಿನ ಕಡೆ ನಡೆಯುವ ಕೆಲಸ. ಎಣಿಕೆ ಬೇಕು, ನಾನು ಬೇಡ ಅನ್ನುವುದಿಲ್ಲ. 2011ರಲ್ಲಿ ಅಮೆರಿಕದ ಸಂಶೋಧಕರಾದ ಲಾರಾ ರೋಮನ್ ಮತ್ತು ಫ್ರೆಡರಿಕ್ ಸ್ಕಟೇನಾ ಹಿಂದಿನ ಅಧ್ಯಯನಗಳನ್ನೆಲ್ಲ ಒಟ್ಟುಗೂಡಿಸಿ, ಬೀದಿ ಮರಗಳಲ್ಲಿ ವರ್ಷಕ್ಕೆ ಶೇ 3.5ರಿಂದ 5.1ರಷ್ಟು ಸಾಯುತ್ತವೆ ಎಂದು ಲೆಕ್ಕ ಹಾಕಿದರು. ಆ ಲೆಕ್ಕದಲ್ಲಿ 26 ಮರಗಳ ಬೀದಿಯಲ್ಲಿ ವರ್ಷಕ್ಕೆ ಒಂದು ಮರ ಹೋಗುವುದು ಮಾಮೂಲು. ನಮ್ಮಲ್ಲಿ ಮೂರು ವರ್ಷ ಒಂದೂ ಸತ್ತಿರಲಿಲ್ಲ. ಎಣಿಕೆಯನ್ನಷ್ಟೇ ಹಿಡಿದಿದ್ದರೆ ನಮ್ಮದು ತುಂಬ ಆರೋಗ್ಯದ ಬೀದಿ. ಅದೇ ಮೂರು ವರ್ಷ ಮೂರನೇ ಒಂದು ಭಾಗ ಮರಗಳು ಒಳಗೊಳಗೇ ಸೋಲುತ್ತಿದ್ದವು.

ದೊಡ್ಡ ಮಟ್ಟದಲ್ಲೂ ಹೀಗಾಗಿದೆ. ಆ್ಯಶ್ ಮರಗಳನ್ನು ಕೊಲ್ಲುವ ಎಮರಾಲ್ಡ್ ಆ್ಯಶ್ ಬೋರರ್ ಎಂಬ ಹಸಿರು ದುಂಬಿಯನ್ನು ಉತ್ತರ ಅಮೆರಿಕದಲ್ಲಿ ಗುರುತಿಸಿದ್ದು 2002ರಲ್ಲಿ, ಡೆಟ್ರಾಯಿಟ್ ಹತ್ತಿರ. ಆಮೇಲೆ ಸತ್ತ ಮರಗಳ ಉಂಗುರ ಎಣಿಸಿ ನೋಡಿದರೆ ಅದು 1990ರ ದಶಕದ ಮೊದಲ ಭಾಗದಲ್ಲೇ ಬಂದು ಸೇರಿತ್ತು. ಮರದೊಳಗೆ ಎಲ್ಲ ಬರೆದಿತ್ತು. ಓದುವವರು ಆ ಹೊತ್ತಿಗೆ ಇರಲಿಲ್ಲ.

ನಾವು ನೀರು ಹಾಕಿದ್ದು

ಎರಡನೇ ವರ್ಷದ ಕೊನೆಗೆ ಏನಾದರೂ ಮಾಡಲೇಬೇಕು ಅನ್ನಿಸಿತು. ಹುಳ ಹುಡುಕಿದೆವು. ತೊಗಟೆಯಲ್ಲಿ ತೂತಿಲ್ಲ, ಬುಡದಲ್ಲಿ ಪುಡಿಯಿಲ್ಲ. ಎಲೆ ಸಣ್ಣ, ಅಂಚು ಒಣಗಿದ ಹಾಗೆ, ಬೆಳವಣಿಗೆ ಇಲ್ಲ. ಬಾಯಾರಿದ ಮರ ಅಂದುಕೊಂಡೆವು. ಹಾಗೆ ನಿರ್ಧರಿಸಿದ್ದು ನಾನೇ.

ಆ ಒಂಬತ್ತು ಮನೆಗಳವರು ಖುಷಿಯಿಂದ ಒಪ್ಪಿದರು. ವಾರಕ್ಕೆ ಎರಡು ಸಲ, ಬೇಸಿಗೆಯುದ್ದಕ್ಕೂ, ಪ್ರತಿ ಮರದ ಪಾತಿಗೆ ನಿಧಾನವಾಗಿ ನೀರು ಬಿಟ್ಟರು. ಎದುರು ಮನೆಯ ಅಜ್ಜಿ ಒಂದು ದಿನವೂ ತಪ್ಪಿಸಲಿಲ್ಲ. ಆ ವರ್ಷ ಬೆಳವಣಿಗೆ 0.8ರಿಂದ 0.5ಕ್ಕೆ ಇಳಿಯಿತು. ಹೊಸ ಎಲೆಗಳು ಹಳದಿಯಾದವು, ನರ ಮಾತ್ರ ಹಸಿರು. 16, 17 ಮತ್ತು 20ನೇ ಮರಗಳ ನೆತ್ತಿಯಲ್ಲಿ ರೆಂಬೆಗಳು ತುದಿಯಿಂದ ಒಣಗುತ್ತಾ ಬಂದವು. ಫೋಟೋಗಳನ್ನು ಪಕ್ಕಪಕ್ಕ ಇಟ್ಟಾಗ ಎಲೆಗಳ ಮಧ್ಯೆ ಮೊದಲು ಕಾಣದಿದ್ದ ಗೋಡೆ, ಕಿಟಕಿ ಈಗ ಕಾಣುತ್ತಿದ್ದವು.

ಬೇಸರವಾಯಿತು. ಆದರೆ ಆ 0.5 ಇಲ್ಲದಿದ್ದರೆ ನಾವು ಇನ್ನೂ ಎರಡು ವರ್ಷ ನೀರು ಹಾಕುತ್ತಲೇ ಇರುತ್ತಿದ್ದೆವು. ಹಳದಿ ಎಲೆ ನೋಡಿ ಇನ್ನೂ ಜಾಸ್ತಿ ಹಾಕುತ್ತಿದ್ದೆವೇನೋ.

ಬುಡ ಅಗೆದಾಗ

ಕೊನೆಗೆ ನಕ್ಷೆ ಬಿಡಿಸಿದೆ. ಮೋರಿಯಿಂದ ದೂರವನ್ನು ಒಂದು ಗೆರೆಯಲ್ಲಿ ಹಾಕಿ, ಪ್ರತಿ ಮರದ ಬೆಳವಣಿಗೆಯನ್ನು ಅದರ ಮೇಲೆ ಬರೆದೆ. ರೋಗ ಹರಡಿದ್ದರೆ ನಡುವೆ ಹೆಚ್ಚು, ಅಂಚಿಗೆ ಹೋದ ಹಾಗೆ ಕಡಿಮೆ ಆಗಬೇಕು. ಇಲ್ಲಿ ಹಾಗಿರಲಿಲ್ಲ. 13ನೇ ಮರ ಪೂರ್ತಿ ಚೆನ್ನಾಗಿದೆ, 14ನೆಯದು ಕುಂಟುತ್ತಿದೆ. 22 ಕುಂಟುತ್ತಿದೆ, 23 ಚೆನ್ನಾಗಿದೆ. ಕತ್ತರಿಯಲ್ಲಿ ಕತ್ತರಿಸಿದಂಥ ಅಂಚು. ಇಂಥ ಅಂಚನ್ನು ಹುಳವೂ ಮಾಡುವುದಿಲ್ಲ, ಮಳೆಯೂ ಮಾಡುವುದಿಲ್ಲ. ಮನುಷ್ಯರ ಕೆಲಸ ಮಾಡುತ್ತದೆ.

ಬೀದಿಗೆ ಹೋಗಿ ನೋಡಿದರೆ 14ರಿಂದ 22ರವರೆಗೆ ಫುಟ್‌ಪಾತಿನ ಕಲ್ಲು ಬೇರೆ. ಮನೆಯವರನ್ನು ಕೇಳಿದಾಗ ಗೊತ್ತಾಯಿತು. ನಮ್ಮ ಮೊದಲ ಅಳತೆಗೆ ಎರಡು ವರ್ಷ ಮುಂಚೆ ಅಲ್ಲಿ ಕೇಬಲ್ ಹಾಕಲು ಉದ್ದಕ್ಕೆ ಅಗೆದಿದ್ದರು. ಅಗೆದ ಮಣ್ಣು, ಒಡೆದ ಕಾಂಕ್ರೀಟು ಎಲ್ಲವನ್ನೂ ಮರಗಳ ಬುಡದ ಮೇಲೆ ಹರಡಿ, ಗುದ್ದಿ ಸಮ ಮಾಡಿ, ಮೇಲೆ ಕಲ್ಲು ಹಾಸಿ ಹೋಗಿದ್ದರು.

ಆಗ ನನಗೆ ಹೊಳೆದದ್ದು, ಮೂರು ವರ್ಷದಿಂದ ಕಣ್ಣೆದುರೇ ಇದ್ದ ಒಂದು ಸಂಗತಿ. ನೆಲ ಸೇರುವ ಜಾಗದಲ್ಲಿ ಮರದ ಬುಡ ಅಗಲವಾಗಬೇಕು. ಬೇರುಗಳು ನಾಲ್ಕೂ ಕಡೆ ಹೊರಡುವುದರಿಂದ ಅಲ್ಲಿ ಕಾಂಡ ಹರವಿಕೊಳ್ಳುತ್ತದೆ. ಹದಿನೇಳು ಮರಗಳಲ್ಲಿ ಅದು ಕಾಣುತ್ತಿತ್ತು. ಈ ಒಂಬತ್ತರಲ್ಲಿ ಕಾಂಡ ಕಂಬದ ಹಾಗೆ ನೇರವಾಗಿ ನೆಲಕ್ಕೆ ಇಳಿದಿತ್ತು. ನಮ್ಮ ನಮೂನೆಯಲ್ಲಿ ಬುಡದ ಗಾಯ, ಅಣಬೆ ನೋಡಲು ಜಾಗವಿತ್ತು, ಬುಡದ ಹರವು ಕಾಣುತ್ತದೆಯೇ ಎಂದು ಕೇಳಿರಲಿಲ್ಲ. ಈಗ ಅದೇ ಮೊದಲ ಪ್ರಶ್ನೆ.

ಒಪ್ಪಿಗೆ ತೆಗೆದುಕೊಂಡು, ಮರಗಳ ಕೆಲಸ ಬಲ್ಲವರೊಬ್ಬರನ್ನು ಜೊತೆಗೆ ಕರೆದುಕೊಂಡು 17ನೇ ಮರದ ಬುಡವನ್ನು ಕೈಯಲ್ಲೇ ಬಿಡಿಸಿದೆವು. ಹಾರೆ ಬಳಸಲಿಲ್ಲ, ಬೇರಿಗೆ ಏಟಾಗುತ್ತದೆ. 18 ಸೆಂ.ಮೀ. ಕೆಳಗೆ ಹರವು ಸಿಕ್ಕಿತು. ಅದರ ಮೇಲಿದ್ದದ್ದು ಕಾಂಕ್ರೀಟು ಚೂರು ಬೆರೆತ ಬೂದು ಮಣ್ಣು. ಕೈಗೆ ಇಟ್ಟಿಗೆಯ ಹಾಗೆ. ಕೆಳಗಿನ ಹಳೆಯ ಮಣ್ಣು ಕಪ್ಪಾಗಿ, ಹುಳಿ ವಾಸನೆ ಹೊಡೆಯುತ್ತಿತ್ತು. ಹೊಸ ಸಣ್ಣ ಬೇರುಗಳು ಗಾಳಿ ಹುಡುಕಿಕೊಂಡು ಮೇಲಕ್ಕೆ ಬಂದು, ಜಾಗವಿಲ್ಲದೆ ಕಾಂಡವನ್ನೇ ಸುತ್ತಿದ್ದವು. ಹೆಬ್ಬೆರಳ ದಪ್ಪದ ಒಂದು ಬೇರು ಕಾಂಡವನ್ನು ಅರ್ಧ ಸುತ್ತು ಬಿಗಿದಿತ್ತು. ಬೀದಿಯ ಕಡೆಯ ದೊಡ್ಡ ಬೇರುಗಳು ಕೇಬಲ್ ಕಾಲುವೆಯ ಅಂಚಿನಲ್ಲಿ ಕತ್ತರಿಸಿ, ತುದಿ ಕೊಳೆತು ನಿಂತಿದ್ದವು.

ಮರದ ಬೇರು ಆಳಕ್ಕೆ ಹೋಗುತ್ತದೆ ಅಂತ ನಾವೆಲ್ಲ ಅಂದುಕೊಳ್ಳುತ್ತೇವೆ, ಅಲ್ವಾ? ಹೆಚ್ಚಿನ ಬೇರುಗಳು ಇರುವುದು ಮೇಲಿನ 60 ಸೆಂ.ಮೀ. ಒಳಗೇ. ಉಸಿರಾಡಲು ಅವಕ್ಕೆ ಆಮ್ಲಜನಕ ಬೇಕು, ಅದು ಸಿಗುವುದು ಅಲ್ಲೇ. 18 ಸೆಂ.ಮೀ. ಮಣ್ಣು ಹೇರಿ ಗುದ್ದಿದರೆ ಆ ಉಸಿರು ಕಟ್ಟುತ್ತದೆ. ನಾವು ಹಾಕಿದ ನೀರು ಉಳಿದಿದ್ದ ಸಣ್ಣ ಸಂದುಗಳನ್ನೂ ತುಂಬಿತು. ನೀರು ಇಲ್ಲದೆ ಒಣಗಿದ ಎಲೆಯೂ ನೀರಲ್ಲಿ ಉಸಿರುಗಟ್ಟಿದ ಬೇರಿನ ಮರದ ಎಲೆಯೂ ಹೊರಗಿಂದ ಒಂದೇ ತರ ಕಾಣುತ್ತವೆ. ಎರಡರಲ್ಲೂ ಬೇರು ನೀರು ಎಳೆಯುತ್ತಿಲ್ಲ.

ಎರಡು ಸರಳ ಪರೀಕ್ಷೆ ಮಾಡಿದೆವು. 30 ಸೆಂ.ಮೀ. ಆಳದ ಗುಂಡಿ ತೋಡಿ ನೀರು ತುಂಬಿಸಿ ಕಾಯುವುದು ಒಂದು. 9ನೇ ಮರದ ಹತ್ತಿರ ನೀರು ಒಂದು ಗಂಟೆಯೊಳಗೆ ಇಂಗಿತು. 18ರ ಹತ್ತಿರ ಮರುದಿನ ಬೆಳಗ್ಗೆಯೂ ನಿಂತಿತ್ತು. ಇನ್ನೊಂದು ಮಣ್ಣಿನ ಪಿಎಚ್, ಅಂದರೆ ಮಣ್ಣು ಎಷ್ಟು ಹುಳಿ, ಎಷ್ಟು ಕ್ಷಾರ ಎಂಬ ಅಳತೆ; 7ಕ್ಕಿಂತ ಮೇಲಿದ್ದರೆ ಕ್ಷಾರ. 9ರ ಬಳಿ 6.8, 18ರ ಬಳಿ 8.2. ಸಿಮೆಂಟಿನ ಸುಣ್ಣ ಮಣ್ಣಿಗೆ ಇಳಿದಿತ್ತು. ಅಂಥ ಮಣ್ಣಿನಲ್ಲಿ ಕಬ್ಬಿಣದ ಅಂಶ ಇದ್ದರೂ ಬೇರಿಗೆ ಸಿಗುವ ರೂಪದಲ್ಲಿ ಇರುವುದಿಲ್ಲ. ನರ ಹಸಿರಿದ್ದು ಹೊಸ ಎಲೆ ಹಳದಿಯಾದದ್ದಕ್ಕೆ ಉತ್ತರ ಅಲ್ಲಿತ್ತು.

17ನೇ ಮರ

ಬುಡ ಬಿಡಿಸಿದಾಗ ಬೀದಿಯ ಕಡೆಯ ಬೇರಿನ ಸಂದಿಯಲ್ಲಿ ಗಟ್ಟಿ ಅಣಬೆಯೊಂದು ಸಿಕ್ಕಿತು. ಕೊಡತಿಯಿಂದ ತಟ್ಟಿದರೆ ಟೊಳ್ಳು ಸದ್ದು. ತೆಳು ಸೂಜಿಯ ಡ್ರಿಲ್ ಹಾಕಿ ನೋಡಿದಾಗ ಹೊರಗಿನ ಗಟ್ಟಿ ಮರ 3 ಸೆಂ.ಮೀ. ಮಾತ್ರ ಉಳಿದಿತ್ತು. ಅಲ್ಲಿ ಬುಡದ ಅರ್ಧವ್ಯಾಸ 14 ಸೆಂ.ಮೀ. ಗಟ್ಟಿ ಭಾಗ ಅರ್ಧವ್ಯಾಸದ ಮೂರನೇ ಒಂದು ಭಾಗಕ್ಕಿಂತ ತೆಳುವಾದರೆ ಮುರಿಯುವ ಅಪಾಯ ಹೆಚ್ಚು ಎಂಬ ಅಂದಾಜನ್ನು ಜರ್ಮನಿಯ ವಿಜ್ಞಾನಿ ಕ್ಲೌಸ್ ಮ್ಯಾಟೆಕ್ ಕೊಟ್ಟಿದ್ದಾರೆ. ಆ ಅಂಕಿಯನ್ನೊಂದೇ ನಂಬಿ ಮರ ಕಡಿಯಬಾರದು. ಆದರೆ ಇಲ್ಲಿ ಒಂದು ಕಡೆಯ ಬೇರುಗಳೇ ಇರಲಿಲ್ಲ, ಮರ ಫುಟ್‌ಪಾತಿನ ಕಡೆ ವಾಲಿತ್ತು, ಕೆಳಗೆ ದಿನವೂ ಮಕ್ಕಳು ಓಡಾಡುತ್ತಿದ್ದರು.

ಮರದ ಗಾಯ ನಮ್ಮ ಗಾಯದ ಹಾಗೆ ಮಾಯುವುದಿಲ್ಲ. ಕೊಳೆ ಮುಂದೆ ಹೋಗದಂತೆ ಮರ ಒಳಗೆ ಗೋಡೆ ಕಟ್ಟುತ್ತದೆ, ಹೊರಗೆ ಹೊಸ ಮರ ಬೆಳೆಸಿ ಮುಚ್ಚುತ್ತದೆ. ಅಮೆರಿಕದ ಅರಣ್ಯ ಸೇವೆಯಲ್ಲಿದ್ದ ಅಲೆಕ್ಸ್ ಶಿಗೋ ಸಾವಿರಾರು ಮರಗಳನ್ನು ಸೀಳಿ ನೋಡಿ 1970ರ ದಶಕದಲ್ಲಿ ಇದನ್ನು ವಿವರಿಸಿದರು. ಗೋಡೆ ಕಟ್ಟಲು ಶಕ್ತಿ ಬೇಕು. ವರ್ಷಕ್ಕೆ 0.4 ಸೆಂ.ಮೀ. ಬೆಳೆಯುವ ಮರದಲ್ಲಿ ಅದಿಲ್ಲ. ಸುತ್ತಳತೆಯ ಅಂಕಿ ಬರೀ ದಪ್ಪದ ಲೆಕ್ಕವಲ್ಲ, ಕೊಳೆಯ ಎದುರು ನಿಲ್ಲುವ ತಾಕತ್ತಿನ ಲೆಕ್ಕವೂ ಹೌದು ಎಂದು ನನಗೆ ಮನಸ್ಸಿಗೆ ನಾಟಿದ್ದು ಆ ದಿನ.

ಮರ ತೆಗೆದೆವು. ಕೊಯ್ದ ಬುಡದಲ್ಲಿ ಉಂಗುರಗಳು ತೀರ ಸ್ಪಷ್ಟ ಇರಲಿಲ್ಲ. ಆದರೂ ಹೊರಗಿನ ಐದು ಒತ್ತೊತ್ತಾಗಿ ಕೂತದ್ದು ಬರಿಗಣ್ಣಿಗೇ ಕಾಣುತ್ತಿತ್ತು. ನಾವು ಅಳೆದದ್ದು ಮೂರು ವರ್ಷ. ಅದಕ್ಕೂ ಮುಂಚಿನ ಎರಡು ವರ್ಷ ನಮ್ಮ ನೋಟ್‌ಬುಕ್ಕಿನಲ್ಲಿ ಇರಲಿಲ್ಲ, ಮರದಲ್ಲಿತ್ತು. ಅಜ್ಜಿ ಬಂದು ಬುಡದ ಮೇಲೆ ಕೈಯಿಟ್ಟು ಸ್ವಲ್ಪ ಹೊತ್ತು ನಿಂತರು. ನೀರು ಹಾಕಿದ್ದಕ್ಕೆ ಹೀಗಾಯಿತಾ ಎಂದು ಕೇಳಿದರು. ಇಲ್ಲ ಅಜ್ಜಿ, ಕೊಳೆ ಅದಕ್ಕಿಂತ ಹಳೆಯದು ಅಂದೆ. ಅದು ನಿಜ. ನೀರು ಹಾಕಲು ಹೇಳಿದ್ದು ನಾನು ಎಂಬುದೂ ನಿಜ, ಅದನ್ನೂ ಹೇಳಿದೆ.

ಉಳಿದ ಎಂಟು

ಎಲೆ ಉದುರಿದ ಕಾಲದಲ್ಲೇ ಕೆಲಸ ಮುಗಿಸಿದೆವು. ಪ್ರತಿ ಮರದ ಸುತ್ತ ಕಲ್ಲು ಎತ್ತಿ, ಹರವು ಕಾಣುವವರೆಗೆ ಮೇಲು ಮಣ್ಣು ತೆಗೆದೆವು. ಕಾಂಡ ಸುತ್ತಿದ ಬೇರುಗಳನ್ನು ಉಳಿಯಿಂದ ಕತ್ತರಿಸಿದೆವು. ದಪ್ಪ ಬೇರಿದ್ದ ಕಡೆ ಒಂದೇ ಸಲಕ್ಕೆ ಮಾಡಲಿಲ್ಲ, ಅರ್ಧ ಆಗ, ಅರ್ಧ ಮುಂದಿನ ವರ್ಷ. ಕಾಂಡದಿಂದ ಒಂದು ಮೀಟರ್ ಬಿಟ್ಟು, ಚಕ್ರದ ಕಡ್ಡಿಗಳ ಹಾಗೆ ನಾಲ್ಕು ಕಾಲುವೆ ತೋಡಿ, ಒಳ್ಳೆಯ ಮಣ್ಣು ಮತ್ತು ಕಾಂಪೋಸ್ಟ್ ತುಂಬಿದೆವು. ಮೇಲೆ 7 ಸೆಂ.ಮೀ. ಮರದ ಚಕ್ಕೆಯ ಹೊದಿಕೆ, ಕಾಂಡಕ್ಕೆ ತಾಗದ ಹಾಗೆ. ಕಲ್ಲುಗಳನ್ನು ಮತ್ತೆ ಹಾಸುವಾಗ ಸಂದು ಬಿಟ್ಟು, ಸಿಮೆಂಟ್ ಇಲ್ಲದೆ ಹಾಸಿದರು.

ಗೊಬ್ಬರ ಹಾಕಿ ಎಂದು ತುಂಬ ಜನ ಹೇಳಿದರು. ಹಾಕಲಿಲ್ಲ. ಸಾರಜನಕ ಕೊಟ್ಟರೆ ಚಿಗುರು ಉಕ್ಕುತ್ತದೆ, ಅದಕ್ಕೆ ನೀರು ಕೊಡುವ ಬೇರು ಇರುವುದಿಲ್ಲ. ಹಸಿ ಕೊಂಬೆಗಳನ್ನೂ ಮುಟ್ಟಲಿಲ್ಲ. ಆಹಾರ ಮಾಡುವುದು ಎಲೆ, ಈಗ ಅದನ್ನೇ ಕಡಿಯುವುದು ಸರಿಯಲ್ಲ. ಒಣಗಿದ್ದನ್ನು ಮಾತ್ರ ತೆಗೆದೆವು.

20ನೇ ಮರ ಆ ವರ್ಷ ಚಿಗುರಲೇ ಇಲ್ಲ. ನಮ್ಮ ಅಗೆತವೇ ಅದಕ್ಕೆ ಕೊನೆಯ ಪೆಟ್ಟಾಗಿರಬಹುದು. ಉಳಿದ ಏಳರಲ್ಲಿ ಮೊದಲ ವರ್ಷ ಅಂಕಿ 0.6. ಬೀದಿಯವರು ನಿರಾಶೆಪಟ್ಟರು. ನಾನು ಪಡಲಿಲ್ಲ, ಯಾಕೆಂದರೆ ಇಳಿಯುವುದು ನಿಂತಿತ್ತು. ಬೇರು ಮೊದಲು ಬೆಳೆಯಬೇಕು, ಅದು ನಮ್ಮ ಟೇಪಿಗೆ ಸಿಗುವುದಿಲ್ಲ. ಐದನೇ ವರ್ಷ ಹೊಸ ಎಲೆಗಳು ಹಸಿರಾಗಿಯೇ ಬಂದವು, ಬೆಳವಣಿಗೆ 1.4. ಆರನೇ ವರ್ಷ 1.9. ಹೂ ಕಡಿಮೆಯಾಯಿತು. ಅದನ್ನು ನೋಡಿ ಖುಷಿಪಟ್ಟವರು ಬೀದಿಯಲ್ಲಿ ನಾವು ಮೂರು ನಾಲ್ಕು ಜನ ಇರಬಹುದು.

ಏಳರಲ್ಲಿ ಐದು ಮೇಲೆದ್ದಿವೆ. 15 ಮತ್ತು 21 ಇನ್ನೂ ಒಂದು ಸೆಂ.ಮೀ. ದಾಟಿಲ್ಲ. 15ರಲ್ಲಿ ಸುತ್ತಿದ ಬೇರು ಕಾಂಡದೊಳಗೇ ಹುದುಗಿಹೋಗಿದೆ, ಬಿಡಿಸಲು ಹೋದರೆ ಕಾಂಡಕ್ಕೇ ಗಾಯ. 21ರಲ್ಲಿ ಬೀದಿಯ ಕಡೆಯ ಬೇರುಗಳು ಬುಡದ ಹತ್ತಿರವೇ ಕತ್ತರಿಸಿವೆ. ಈ ಎರಡನ್ನು ಈಗ ವರ್ಷಕ್ಕೆ ಎರಡು ಸಲ ನೋಡುತ್ತೇವೆ, ಕೊಡತಿಯಿಂದ ತಟ್ಟುವುದನ್ನೂ ಸೇರಿಸಿ.

17ರ ಜಾಗದಲ್ಲಿ ಹೊಳೆ ದಾಸವಾಳ ನೆಟ್ಟಿದ್ದೇವೆ. ಮಣ್ಣು ಸ್ವಲ್ಪ ತೇವವಾಗಿದ್ದರೂ ಅದು ತಡೆಯುತ್ತದೆ. ಒಂದೇ ಜಾತಿಯ ಸಾಲು ಮುರಿಯಬೇಕಿತ್ತು. ಅಳೆಯಲು ಅನುಕೂಲವಾದ ಸಾಲು ಹುಳಕ್ಕೂ ರೋಗಕ್ಕೂ ಅನುಕೂಲವೇ. ಗುಂಡಿಯನ್ನು ಅಗಲವಾಗಿ, ಬೇರುಗಡ್ಡೆಯ ಆಳಕ್ಕಷ್ಟೇ ತೋಡಿ, ಬುಡದ ಹರವು ನೆಲದ ಮೇಲೆ ಕಾಣುವ ಹಾಗೆ ಕೂರಿಸಿದೆವು. ಅದಕ್ಕೆ 17 ಎಂಬ ಹಳೆಯ ನಂಬರ್ ಕೊಟ್ಟಿಲ್ಲ. ಕೊಟ್ಟರೆ ಮುಂದೆ ಯಾರೋ ಲೆಕ್ಕ ನೋಡಿ, ಒಂದು ಮರ ಒಂದೇ ವರ್ಷದಲ್ಲಿ ಸಣ್ಣದಾಯಿತು ಅಂದುಕೊಳ್ಳುತ್ತಾರೆ. ನೋಟ್‌ಬುಕ್ಕಿನಲ್ಲಿ 17ರ ಸಾಲು ಅಲ್ಲಿಗೇ ಮುಗಿದಿದೆ, ಕಾರಣ ಬರೆದಿದೆ. ಅದರ ಕೆಳಗೆ ಹೊಸ ಸಾಲು: 17ಬಿ, ಮೋರಿಯಿಂದ 128 ಮೀಟರ್, ಹರವು ಕಾಣುತ್ತದೆ, ಸುತ್ತಳತೆ 9.2 ಸೆಂ.ಮೀ.